ಬಿಲ್ಲಲ್ಲಿ ಕನ್ನಡ ಸರಿ ಇರಬೇಕಂದ್ರೆ ಅಪ್‌ಡೇಟ್ ಕೇಳಿ

ಹಿರೇಹಡಗಲಿ: ಅಂಗಡಿ ಮೊಬೈಲ್‌ನಲ್ಲಿ ತಾರೀಖು, ತಿಂಗಳ ಹೆಸರು ಕನ್ನಡದಲ್ಲಿ ಕಾಣುತ್ತವೆ. ಅದನ್ನು ಪ್ರತಿ ಆ್ಯಪ್‌ನವರೂ ಹೊಸದಾಗಿ ಬರೆಯೋದಿಲ್ಲ. ಐಸಿಯು ಎಂಬ ಸಾಫ್ಟ್‌ವೇರ್ ಲೈಬ್ರರಿ ಇದೆ. ಅಂದ್ರೆ ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ ರೆಡಿ ಕೋಡ್. 1999ರಲ್ಲಿ ಐಬಿಎಂ ಮುಕ್ತಗೊಳಿಸಿದ ಇದು 2016ರಿಂದ ಯೂನಿಕೋಡ್ ಒಕ್ಕೂಟದ ಸುಪರ್ದಿಯಲ್ಲಿದೆ. ಆಂಡ್ರಾಯ್ಡ್ ಒಳಗೂ ಇದೇ ಇದೆ. ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಹೊಸ ಆವೃತ್ತಿ ಬರುತ್ತದೆ.

ಬಿಡುಗಡೆ ಆದ ತಕ್ಷಣ ಅದು ಅಂಗಡಿಗೆ ಮುಟ್ಟೋದಿಲ್ಲ. ರೂಪಾಯಿ ಚಿಹ್ನೆಯನ್ನೇ ನೋಡಿ. ಕೇಂದ್ರ ಸರ್ಕಾರ 2010ರ ಜುಲೈ 15ರಂದು ₹ ಒಪ್ಪಿತು, ಅಕ್ಟೋಬರ್‌ನಲ್ಲೇ ಅದು ಯೂನಿಕೋಡ್ 6.0ಗೆ ಸೇರಿತು. ಆದರೂ ಹಳೇ ಫಾಂಟ್ ಇದ್ದ ಕಂಪ್ಯೂಟರ್‌ಗಳಲ್ಲಿ ಖಾಲಿ ಡಬ್ಬಿಯೇ ಕಾಣುತ್ತಿತ್ತು.

ಐಸಿಯುಗೆ ಬೇಕಾದ ಕನ್ನಡ ಪದಗಳು ಬರೋದು ಸಿಎಲ್‌ಡಿಆರ್ ಎಂಬ ಭಂಡಾರದಿಂದ. ಯಾವ ಪದ ಇರಬೇಕು ಅಂತ ಅಲ್ಲಿ ಮತ ಹಾಕುತ್ತಾರೆ. ದೊಡ್ಡ ಕಂಪನಿಗಳ ಮತಕ್ಕೆ ತೂಕ ಜಾಸ್ತಿ, ಆದರೆ ಸ್ವಯಂಸೇವಕರಿಗೂ ಅವಕಾಶ ಇದೆ. ನಮ್ಮ ಕಡೆಯವರು ಸುಮ್ಮನಿದ್ದರೆ ಬೇರೆಯವರು ಆರಿಸಿದ ಪದವೇ ನಮ್ಮ ಮೊಬೈಲ್‌ಗೆ ಬರುತ್ತದೆ.

ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ವರ್ಷದ ದುಡ್ಡು ಕಟ್ಟೋ ಮೊದಲು ಅಂಗಡಿಯವರು ಒಂದು ಮಾತು ಕೇಳಬೇಕು: ಅಪ್‌ಡೇಟ್ ಅದರಲ್ಲೇ ಸೇರಿದೆಯಾ?