ಕಾಲ್ಬೆರಳು ಮುಟ್ಟಿದರೆ ಸಾಲದು, ಮೈ ಬೆಚ್ಚಗಾಗಬೇಕು

ಬೆಳಿಗ್ಗೆ ಎಂಟೂವರೆ. ಎರಡು ಗಂಟೆ ಬಸ್ಸಿನಲ್ಲಿ ಮುದುಡಿ ಕುಳಿತು ಬಂದಿದ್ದ ನಾವು ಬೇರೊಂದು ಕಾಲೇಜಿನ ಮೈದಾನದಲ್ಲಿ ದುಂಡಗೆ ನಿಂತಿದ್ದೆವು. ನಡುವೆ ನಿಂತ ಸೀನಿಯರ್ ‘ಒನ್, ಟೂ, ಥ್ರೀ...’ ಎಂದು ಎಣಿಸುತ್ತಿದ್ದ. ಬಗ್ಗಿ ಕಾಲ್ಬೆರಳು ಮುಟ್ಟಿದೆವು. ಒಂದು ಕಾಲು ಹಿಂದಕ್ಕೆ ಮಡಚಿ ಹಿಡಿದು ಕೊಕ್ಕರೆಯಂತೆ ನಿಂತೆವು. ಕಾಲು ಅಗಲಿಸಿ ಕುಳಿತು ಎಳೆದೆವು. ಹತ್ತು ನಿಮಿಷವಾಯಿತು. ಯಾರ ಹಣೆಯ ಮೇಲೂ ಒಂದು ಹನಿ ಬೆವರಿಲ್ಲ. ‘ವಾರ್ಮ್ ಅಪ್ ಮುಗೀತು, ಬನ್ರೋ’ ಎಂದ.

ಮೂರನೇ ನಿಮಿಷಕ್ಕೆ ಎದುರಾಳಿಗಳ ಒಂದು ಉದ್ದನೆಯ ಪಾಸ್ ನನ್ನ ಪಕ್ಕದಿಂದ ಹಾದುಹೋಯಿತು. ನಾನು ರೈಟ್ ಬ್ಯಾಕ್. ತಿರುಗಿ ಓಡಿದೆ. ಅವರ ಫಾರ್ವರ್ಡ್‌ಗೂ ನನಗೂ ಒಂದಡಿ ಅಂತರ. ಆ ಒಂದಡಿಯಲ್ಲಿ ಗೋಲು ಹೋಯಿತು. ಎರಡನೇ ಅವಧಿ ಶುರುವಾದ ಕೆಲವೇ ನಿಮಿಷಗಳಲ್ಲಿ ನಮ್ಮ ವಿಂಗರ್ ತೊಡೆಯ ಹಿಂಭಾಗ ಹಿಡಿದುಕೊಂಡು ಕುಸಿದ. ಹ್ಯಾಮ್‌ಸ್ಟ್ರಿಂಗ್. ಆಮೇಲೆ ಆ ಸೀಸನ್ ಪೂರ್ತಿ ಅವನು ಲ್ಯಾಬಿಗೆ ಕುಂಟುತ್ತಾ ಬಂದ, ಮೈದಾನಕ್ಕೆ ಬರಲಿಲ್ಲ.

ಸ್ಟ್ರೆಚಿಂಗ್‌ನಿಂದಲೇ ಗೋಲು ಹೋಯಿತು, ಸ್ಟ್ರೆಚಿಂಗ್‌ನಿಂದಲೇ ಗೆಳೆಯನ ಸ್ನಾಯು ಹರಿಯಿತು ಎಂದು ಹೇಳುವಷ್ಟು ಧೈರ್ಯ ನನಗಿಲ್ಲ. ಆ ಫಾರ್ವರ್ಡ್ ನನಗಿಂತ ಚುರುಕಾಗಿದ್ದಿರಬಹುದು. ಆದರೆ ಆ ದಿನ ಒಂದು ಪ್ರಶ್ನೆ ತಲೆಗೆ ಹೊಕ್ಕಿತು: ಮೈಯೇ ಬೆಚ್ಚಗಾಗದ ಈ ಹತ್ತು ನಿಮಿಷಕ್ಕೆ ನಾವು ‘ವಾರ್ಮ್ ಅಪ್’ ಎಂದು ಯಾಕೆ ಕರೆಯುತ್ತೇವೆ?

ಹೈಸ್ಕೂಲಿನ ಪಿ.ಟಿ. ಪೀರಿಯಡ್‌ನಿಂದ ನಮಗೆ ಗೊತ್ತಿರುವುದು ಒಂದೇ: ಎಳೆದು ಹಿಡಿ, ಇಪ್ಪತ್ತು ಎಣಿಸು. ಇದು ಸ್ಟಾಟಿಕ್ ಸ್ಟ್ರೆಚಿಂಗ್. ಅಲ್ಲಾಡದೆ ಸ್ನಾಯುವನ್ನು ಹಿಗ್ಗಿಸಿ ಹಿಡಿಯುವುದು. ಇನ್ನೊಂದು ಡೈನಮಿಕ್ ಸ್ಟ್ರೆಚಿಂಗ್. ಕಾಲು ಬೀಸುವುದು, ಮಂಡಿ ಎತ್ತಿ ಓಡುವುದು, ಉದ್ದುದ್ದ ಹೆಜ್ಜೆಯಿಟ್ಟು ಬಗ್ಗುತ್ತಾ ನಡೆಯುವುದು. ಇದರಲ್ಲಿ ಸ್ನಾಯು ಹಿಗ್ಗುತ್ತದೆ, ಜೊತೆಗೆ ದುಡಿಯುತ್ತದೆ, ಬೆಚ್ಚಗಾಗುತ್ತದೆ.

1990ರ ದಶಕದ ಕೊನೆಯಿಂದ ಸಂಶೋಧಕರು ಇವೆರಡನ್ನೂ ಹೋಲಿಸಿ ನೋಡುತ್ತಲೇ ಇದ್ದಾರೆ. ಕೆನಡಾದ ಡೇವಿಡ್ ಬೆಹ್ಮ್ ಮತ್ತು ಸಂಗಡಿಗರು ನೂರಾರು ಅಧ್ಯಯನಗಳನ್ನು ಒಟ್ಟಿಗಿಟ್ಟು 2016ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಸ್ಟಾಟಿಕ್ ಸ್ಟ್ರೆಚಿಂಗ್ ಮಾಡಿದ ಕೂಡಲೇ ಪರೀಕ್ಷಿಸಿದರೆ ಸ್ನಾಯುಗಳ ಸಾಮರ್ಥ್ಯ ಸರಾಸರಿ ಶೇ 3.7ರಷ್ಟು ಕುಸಿದಿತ್ತು, ಡೈನಮಿಕ್ ನಂತರ ಶೇ 1.3ರಷ್ಟು ಏರಿತ್ತು. ಓಟ, ಜಿಗಿತದಂಥ ವೇಗದ ಪರೀಕ್ಷೆಗಳನ್ನಷ್ಟೇ ತೆಗೆದುಕೊಂಡರೆ ಸ್ಟಾಟಿಕ್‌ನ ನಷ್ಟ ಸುಮಾರು ಶೇ 1.3. ಒಂದೊಂದು ಸ್ನಾಯುವನ್ನು 60 ಸೆಕೆಂಡಿಗಿಂತ ಹೆಚ್ಚು ಹೊತ್ತು ಎಳೆದು ಹಿಡಿದಷ್ಟೂ ನಷ್ಟ ಜಾಸ್ತಿ.

ಶೇ 1.3 ಅಂದರೆ ಏನು ಮಹಾ ಎನ್ನಬಹುದು. ಇಲ್ಲಿ ನನ್ನ ಎಂಜಿನಿಯರಿಂಗ್ ಬುದ್ಧಿ ಕ್ಯಾಲ್ಕುಲೇಟರ್ ತೆಗೆಯಿತು. ಫುಟ್‌ಬಾಲ್‌ನಲ್ಲಿ ಒಂದು ಸ್ಪ್ರಿಂಟ್ ಸಾಮಾನ್ಯವಾಗಿ 10ರಿಂದ 20 ಮೀಟರ್. 20 ಮೀಟರನ್ನು 3.1 ಸೆಕೆಂಡಿನಲ್ಲಿ ಓಡುವ ಹುಡುಗನಿಗೆ ಶೇ 1.3 ಅಂದರೆ 0.04 ಸೆಕೆಂಡ್. ಕೊನೆಯ ಹೆಜ್ಜೆಗಳಲ್ಲಿ ಅವನ ವೇಗ ಸೆಕೆಂಡಿಗೆ ಏಳೂವರೆ ಮೀಟರ್ ಎಂದುಕೊಂಡರೆ, ಅಷ್ಟು ಹೊತ್ತಿನಲ್ಲಿ ಅವನು ದಾಟುವ ದೂರ 30 ಸೆಂಟಿಮೀಟರ್. ಸರಿಯಾಗಿ ಒಂದಡಿ. ಫುಟ್‌ಬಾಲ್‌ನ ಅಗಲವೇ 22 ಸೆಂಟಿಮೀಟರ್! ಚೆಂಡು ಯಾರ ಕಾಲಿಗೆ ಸಿಗುತ್ತದೆ ಎನ್ನುವುದು ಆ ಒಂದಡಿಯಲ್ಲೇ ತೀರ್ಮಾನವಾಗಬಹುದು.

ಯಾಕೆ ಹೀಗೆ? ಮೆಕ್ಯಾನಿಕಲ್ ವಿದ್ಯಾರ್ಥಿಗೆ ಇದು ತೀರಾ ಹೊಸದಲ್ಲ. ಒಂದು ವಸ್ತುವನ್ನು ಎಳೆದು ಹಾಗೇ ಹಿಡಿದರೆ ಅದರೊಳಗಿನ ಬಿಗಿತ ನಿಧಾನವಾಗಿ ಇಳಿಯುತ್ತದೆ ಎಂದು ನಮಗೆ ಪಾಠವಿದೆ. ಸ್ನಾಯು ಮತ್ತು ಅದನ್ನು ಮೂಳೆಗೆ ಕಟ್ಟುವ ಟೆಂಡನ್ ಕೂಡ ಸ್ಪ್ರಿಂಗ್ ಇದ್ದಂತೆ. ಕೆಟ್ಟು ನಿಂತ ಕಾರಿಗೆ ಹಗ್ಗ ಕಟ್ಟಿ ಎಳೆಯುವುದನ್ನು ನೋಡಿದ್ದೀರಲ್ಲ? ಹಗ್ಗ ಸಡಿಲವಿದ್ದರೆ ಮುಂದಿನ ಗಾಡಿ ಹೊರಟರೂ ಹಿಂದಿನದು ಕ್ಷಣ ಬಿಟ್ಟು ಅಲ್ಲಾಡುತ್ತದೆ. ಸ್ನಾಯುವಿನ ಬಲ ಮೂಳೆಗೆ ತಲುಪುವಾಗಲೂ ಅಂಥದ್ದೇ ಒಂದು ಸಣ್ಣ ತಡ. ಇದರ ಜೊತೆಗೆ ದೀರ್ಘ ಸ್ಟ್ರೆಚಿಂಗ್ ಆದ ಮೇಲೆ ಸ್ವಲ್ಪ ಹೊತ್ತು ನರಗಳಿಂದ ಸ್ನಾಯುವಿಗೆ ಬರುವ ಸೂಚನೆಯೂ ತುಸು ಮಂದವಾಗುತ್ತದೆ.

ಇದನ್ನೆಲ್ಲ ಓದಿದ ಹುರುಪಿನಲ್ಲಿ ನಾವು ನಾಲ್ಕು ಜನ ಸಂಜೆ ಮೈದಾನಕ್ಕಿಳಿದೆವು. ಇಪ್ಪತ್ತು ಮೀಟರ್ ಅಳೆದು, ಮೊಬೈಲ್ ಸ್ಟಾಪ್‌ವಾಚ್ ಹಿಡಿದು ಓಡಿದ್ದೇ ಓಡಿದ್ದು. ಫಲಿತಾಂಶ ಗೋಜಲು. ಒಮ್ಮೆ ಸ್ಟಾಟಿಕ್ ಗೆದ್ದರೆ ಇನ್ನೊಮ್ಮೆ ಡೈನಮಿಕ್. ಆಮೇಲೆ ಹೊಳೆಯಿತು: ಕಣ್ಣು ನೋಡಿ ಬೆರಳು ಒತ್ತುವುದಕ್ಕೇ ಸುಮಾರು 0.2 ಸೆಕೆಂಡ್ ಬೇಕು. ನಾವು ಹುಡುಕುತ್ತಿದ್ದದ್ದು 0.04. ತರಕಾರಿ ತಕ್ಕಡಿಯಲ್ಲಿ ಚಿನ್ನ ತೂಗಲು ಹೊರಟಿದ್ದೆವು!

ಆದರೂ ಆ ಸೋಲಿನಿಂದ ಒಂದು ವಿಷಯ ಸ್ಪಷ್ಟವಾಯಿತು. ಈ ಅಭ್ಯಾಸ ಇಷ್ಟು ವರ್ಷ ಉಳಿದುಕೊಂಡಿರುವುದೇ ಅದರ ನಷ್ಟ ಯಾರ ಕಣ್ಣಿಗೂ ಬೀಳದ ಕಾರಣ. 0.04 ಸೆಕೆಂಡ್ ಕಳೆದುಕೊಂಡೆ ಎಂದು ಯಾವ ಆಟಗಾರನಿಗೂ ಅನ್ನಿಸುವುದಿಲ್ಲ. ‘ನಾವೂ ಹೀಗೇ ಮಾಡ್ಕೊಂಡು ಬಂದಿಲ್ವಾ’ ಎಂಬ ಮಾತಿಗೆ ಎದುರು ಹೇಳಲು ಅನುಭವ ಸಾಕಾಗುವುದಿಲ್ಲ. ಅಳತೆ ಬೇಕು.

ಹಾಗೆಂದು ಸ್ಟ್ರೆಚಿಂಗ್ ವಿಷವಲ್ಲ. 2006ರಲ್ಲಿ ಪ್ರಕಟವಾದ, ವೃತ್ತಿಪರ ಫುಟ್‌ಬಾಲ್ ಆಟಗಾರರ ಮೇಲಿನ ಒಂದು ಅಧ್ಯಯನದಲ್ಲಿ, ಪೂರ್ಣ ವಾರ್ಮ್ ಅಪ್‌ನ ನಡುವೆ ಮಾಡಿದ ಸ್ಟಾಟಿಕ್ ಸ್ಟ್ರೆಚಿಂಗ್‌ನಿಂದ ಓಟವೇನೂ ಕೆಡಲಿಲ್ಲ. ದಿಕ್ಕು ಬದಲಿಸಿ ಓಡುವ ಪರೀಕ್ಷೆಯಲ್ಲಿ ಮಾತ್ರ ಡೈನಮಿಕ್ ಮಾಡಿದವರು ಮುಂದಿದ್ದರು. ಅರ್ಧ ನಿಮಿಷದೊಳಗೆ ಎಳೆದು ಬಿಟ್ಟು, ಆಮೇಲೆ ಚೆನ್ನಾಗಿ ಓಡಿದರೆ ಚಿಂತೆಯಿಲ್ಲ. ಮೈ ಬಾಗುವ ಗುಣ ಬೆಳೆಸಲು ಅದು ಬೇಕು ಕೂಡ. ತಪ್ಪಿರುವುದು ಸ್ಟ್ರೆಚಿಂಗ್‌ನಲ್ಲಲ್ಲ, ವಾರ್ಮ್ ಅಪ್‌ನ ಜಾಗದಲ್ಲಿ ಅದೊಂದನ್ನೇ ಕೂರಿಸಿರುವುದರಲ್ಲಿ.

ಸರಿಯಾದ ದಾರಿಯನ್ನು ನಾವೇನೂ ಹೊಸದಾಗಿ ಹುಡುಕಬೇಕಿಲ್ಲ. ಫಿಫಾದ ವೈದ್ಯಕೀಯ ತಂಡ ಮತ್ತು ಓಸ್ಲೋದ ಕ್ರೀಡಾ ಗಾಯ ಸಂಶೋಧನಾ ಕೇಂದ್ರ ಸೇರಿ ರೂಪಿಸಿದ ‘11+’ ಎಂಬ ವಾರ್ಮ್ ಅಪ್ ಇದೆ. ಮೊದಲು ಎಂಟು ನಿಮಿಷ ನಿಧಾನ ಓಟ ಮತ್ತು ಚಲಿಸುತ್ತಲೇ ಹಿಗ್ಗಿಸುವ ವ್ಯಾಯಾಮ. ಹತ್ತು ನಿಮಿಷ ಶಕ್ತಿ, ಜಿಗಿತ, ಸಮತೋಲನ. ಕೊನೆಗೆ ಎರಡು ನಿಮಿಷ ವೇಗದ ಓಟ. ಒಟ್ಟು ಇಪ್ಪತ್ತು ನಿಮಿಷ. ನಾರ್ವೆಯ 13ರಿಂದ 17 ವರ್ಷದ ಸುಮಾರು 1,900 ಆಟಗಾರ್ತಿಯರ ಮೇಲೆ ಇದನ್ನು ಪರೀಕ್ಷಿಸಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಇದನ್ನು ಮಾಡಿದ ತಂಡಗಳಲ್ಲಿ ತೀವ್ರ ಗಾಯಗಳು ಹೆಚ್ಚುಕಡಿಮೆ ಅರ್ಧದಷ್ಟಿದ್ದವು. ಇದಕ್ಕೆ ಬೇಕಾದದ್ದು ಒಂದು ಚೆಂಡು, ಒಂದಿಷ್ಟು ಜಾಗ. ಯಂತ್ರ ಬೇಡ, ಜಿಮ್ ಬೇಡ.

ವಿರಾಮದ ಹೊತ್ತಿಗೂ ಇದೇ ಮಾತು. ನಾವು ಬಿಸ್ಕತ್ತು ತಿಂದು, ಗ್ಲೂಕೋಸ್ ನೀರು ಕುಡಿದು ಬೆಂಚಿಗೆ ಒರಗುತ್ತೇವೆ. ಸುಮ್ಮನೆ ಕುಳಿತ ಆಟಗಾರರ ಸ್ನಾಯುಗಳ ಉಷ್ಣತೆ ಅಷ್ಟರಲ್ಲೇ ಸುಮಾರು 2 ಡಿಗ್ರಿ ಇಳಿದು, ಸ್ಪ್ರಿಂಟ್ ವೇಗವೂ ತಗ್ಗಿದ್ದನ್ನು ಡೆನ್ಮಾರ್ಕ್‌ನ ಸಂಶೋಧಕರು 2004ರಲ್ಲೇ ತೋರಿಸಿದ್ದಾರೆ. ವಿರಾಮದಲ್ಲಿ ಸ್ವಲ್ಪ ಓಡಾಡಿದವರ ವೇಗ ಉಳಿದಿತ್ತು. ನಮ್ಮ ವಿಂಗರ್ ಕುಸಿದದ್ದು ಎರಡನೇ ಅವಧಿಯ ಆರಂಭದಲ್ಲಿ ಎಂಬುದು ನೆನಪಾದಾಗಲೆಲ್ಲ ಕಸಿವಿಸಿಯಾಗುತ್ತದೆ.

ಕೊನೆಗೆ ಧೈರ್ಯ ಮಾಡಿ ನಮ್ಮ ಪಿ.ಡಿ. ಸರ್ ಬಳಿ ಹೋದೆ. ‘ಸರ್, ವಾರ್ಮ್ ಅಪ್ ಸ್ವಲ್ಪ ಬದಲಾಯಿಸೋಣ್ವಾ?’ ಬೈಗುಳ ನಿರೀಕ್ಷಿಸಿದ್ದೆ. ಅವರು ಕಾಗದ ಓದಿ, ‘ಮಾಡಿ ನೋಡ್ರಪ್ಪಾ. ಆದ್ರೆ ಬಸ್ಸು ಮ್ಯಾಚ್‌ಗೆ ಹತ್ತು ನಿಮಿಷ ಮುಂಚೆ ಬಂದು ನಿಂತ್ರೆ ಇಪ್ಪತ್ತು ನಿಮಿಷ ಎಲ್ಲಿಂದ ತರ್ತೀರಿ?’ ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಆ ಉತ್ತರವನ್ನು ಕೊಡಬೇಕಾದವರು ಟೂರ್ನಿ ನಡೆಸುವವರು ಮತ್ತು ಕಾಲೇಜುಗಳು. ಹೊಸ ಜೆರ್ಸಿಗೆ, ಟ್ರೋಫಿಗೆ, ಫ್ಲೆಕ್ಸ್‌ಗೆ ದುಡ್ಡು ಸಿಗುತ್ತದೆ. ಪಂದ್ಯಕ್ಕೆ ಮುನ್ನ ಇಪ್ಪತ್ತು ನಿಮಿಷ ಮೈದಾನ ಬಿಟ್ಟುಕೊಡುವುದನ್ನು ನಿಯಮವಾಗಿಸಲು ಒಂದು ರೂಪಾಯಿಯೂ ಬೇಡ. ಬಸ್ಸು ಅರ್ಧ ಗಂಟೆ ಮೊದಲು ಹೊರಟರೆ ಸಾಕು.

ನಾವೂ ಅರ್ಧ ಗಂಟೆ ಮೊದಲು ಏಳಬೇಕು, ಅಷ್ಟೇ. ಮುಂದಿನ ವಾರದಿಂದ ನಮ್ಮ ಅಭ್ಯಾಸದಲ್ಲಿ ಎಣಿಕೆ ಇರುವುದಿಲ್ಲ, ಓಟ ಇರುತ್ತದೆ. ವಿಂಗರ್ ಗೆಳೆಯನೂ ಬರುತ್ತೇನೆ ಎಂದಿದ್ದಾನೆ. ಸದ್ಯಕ್ಕೆ ಓಡಲು ಅಲ್ಲ, ಮೊಬೈಲ್‌ನ ಸ್ಲೋ ಮೋಷನ್‌ನಲ್ಲಿ ನಮ್ಮ ಓಟ ಅಳೆಯಲು. ಈ ಸಲ ತಕ್ಕಡಿ ಸರಿಯಾಗಿದೆ.