ಊರು ದಾಟಿಸುವ ಮುನ್ನ ಊರಿನ ಕೋರ್ಟಿಗೆ ಕರೆತನ್ನಿ

ಶಿವಮೊಗ್ಗ ಜಿಲ್ಲೆಯ ಗಡಿ ಯಾವ ಹೊರರಾಜ್ಯಕ್ಕೂ ತಾಗುವುದಿಲ್ಲ. ಆದರೆ ಸೈಬರ್ ವಂಚನೆಯ ಈ ಕಾಲದಲ್ಲಿ ಅದರಿಂದ ಸಮಾಧಾನಪಡುವಂತಿಲ್ಲ. ಹೈದರಾಬಾದಿನಲ್ಲಿ ಯಾರೋ ಕಳೆದುಕೊಂಡ ಹಣ ಭದ್ರಾವತಿಯ ಖಾತೆಯೊಂದಕ್ಕೆ ಬಂದು ಬಿದ್ದರೆ ಸಾಕು, ಅಲ್ಲಿನ ಪೊಲೀಸರು ಇಲ್ಲಿನ ಮನೆ ಬಾಗಿಲು ತಟ್ಟಬಹುದು. ಕದ್ದ ಚಿನ್ನದ ಜಾಡು ಹಿಡಿದು ಶಿವಮೊಗ್ಗದ ಗಾಂಧಿ ಬಜಾರಿಗೂ ಬರಬಹುದು. ಬರಲಿ, ಅದು ಅವರ ಕರ್ತವ್ಯ. ತಕರಾರಿರುವುದು ಹಿಡಿದ ನಂತರದ ನಡೆಯ ಬಗ್ಗೆ. ಬಂಧಿತರನ್ನು ರಾಜ್ಯದಾಚೆಗೆ ಒಯ್ಯುವ ಮುನ್ನ ಸ್ಥಳೀಯ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವುದು ಕಡ್ಡಾಯವಾಗಬೇಕು.

ಕಾನೂನು ಪೊಲೀಸರ ಕೈ ಕಟ್ಟಿಹಾಕಿಲ್ಲ. ಪೊಲೀಸ್ ಇಲಾಖೆ ರಾಜ್ಯಪಟ್ಟಿಯ ವಿಷಯವಾದರೂ, ವಾರಂಟ್ ಇಲ್ಲದೆ ಬಂಧಿಸುವ ಅಧಿಕಾರವುಳ್ಳ ಅಧಿಕಾರಿ ಆರೋಪಿಯನ್ನು ದೇಶದ ಯಾವ ಮೂಲೆಗಾದರೂ ಬೆನ್ನಟ್ಟಬಹುದು. ಹಿಂದೆ ಸಿಆರ್‌ಪಿಸಿಯ 48ನೇ ಕಲಂ ಹೇಳುತ್ತಿದ್ದ ಈ ಮಾತನ್ನು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 45ನೇ ಕಲಂ ಹೇಳುತ್ತಿದೆ. ಬಂಧಿತರನ್ನು 24 ಗಂಟೆಯೊಳಗೆ ಹತ್ತಿರದ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎನ್ನುತ್ತದೆ ಸಂವಿಧಾನದ 22ನೇ ವಿಧಿ. ಪ್ರಯಾಣದ ಅವಧಿ ಈ ಲೆಕ್ಕಕ್ಕಿಲ್ಲ. ವಿಮಾನ ಹತ್ತಿಸಿದರೆ ಎಷ್ಟೇ ದೂರದ ಕೋರ್ಟನ್ನೂ ಗಡುವಿನೊಳಗೆ ಮುಟ್ಟಬಹುದು. ಆಗ ಗಂಟೆಯ ಲೆಕ್ಕ ಸರಿಹೋಗುತ್ತದೆ, ‘ಹತ್ತಿರದ’ ಎಂಬ ಷರತ್ತು ಮಾತ್ರ ಗಾಳಿಗೆ ಹೋಗುತ್ತದೆ.

2021ರ ಫೆಬ್ರುವರಿ 13ರಂದು ದಿಲ್ಲಿ ಪೊಲೀಸರು ಪರಿಸರ ಕಾರ್ಯಕರ್ತೆ ದಿಶಾ ರವಿ ಅವರನ್ನು ಬೆಂಗಳೂರಿನಲ್ಲಿ ಬಂಧಿಸಿದಾಗ ಆದದ್ದು ಇದೇ. ಇಲ್ಲಿನ ಯಾವ ಕೋರ್ಟಿನಿಂದಲೂ ಟ್ರಾನ್ಸಿಟ್ ರಿಮಾಂಡ್ (ಬಂಧಿತರನ್ನು ಹೊರರಾಜ್ಯಕ್ಕೆ ಒಯ್ಯಲು ಕೋರ್ಟಿನ ಅನುಮತಿ) ಪಡೆಯದೆ ಮರುದಿನ ದಿಲ್ಲಿಯ ಕೋರ್ಟಿಗೆ ಹಾಜರುಪಡಿಸಿದರು. ಹತ್ತೇ ದಿನದಲ್ಲಿ ಅವರಿಗೆ ಜಾಮೀನು ಸಿಕ್ಕಿತು. ಅಂತರರಾಜ್ಯ ಬಂಧನಕ್ಕೆ ದಿಲ್ಲಿ ಹೈಕೋರ್ಟ್ 2019ರಲ್ಲೇ ಮಾರ್ಗಸೂಚಿ ಕೊಟ್ಟಿತ್ತು. ಮೇಲಧಿಕಾರಿಯ ಲಿಖಿತ ಅನುಮತಿ ಇರಬೇಕು, ಸ್ಥಳೀಯ ಠಾಣೆಯನ್ನು ಸಂಪರ್ಕಿಸಬೇಕು, ಟ್ರಾನ್ಸಿಟ್ ರಿಮಾಂಡಿಗೆ ಯತ್ನಿಸಬೇಕು ಎಂದಿತ್ತು. ಆದರೆ ತುರ್ತು ಸಂದರ್ಭಕ್ಕೆ ವಿನಾಯಿತಿಯನ್ನೂ ಕೊಟ್ಟಿತ್ತು. ತುರ್ತು ಯಾವುದೆಂದು ಬಂಧಿಸುವವರೇ ತೀರ್ಮಾನಿಸುವುದಾದರೆ ಮಾರ್ಗಸೂಚಿ ಹೆಸರಿಗಷ್ಟೇ ಉಳಿಯುತ್ತದೆ.

ಮೊದಲೇ ಸುಳಿವು ಕೊಟ್ಟರೆ ಆರೋಪಿ ಪರಾರಿಯಾಗುತ್ತಾನೆ ಎಂಬುದು ಪೊಲೀಸರ ಆಕ್ಷೇಪ. ಸ್ಥಳೀಯ ಠಾಣೆಗೆ ಮುಂಚಿತವಾಗಿ ತಿಳಿಸುವ ವಿಚಾರದಲ್ಲಿ ಈ ಆತಂಕಕ್ಕೆ ಆಧಾರವಿದೆ. ಶೋಧನೆಯ ವಿಷಯದಲ್ಲಿ ಕಾನೂನೂ ಇದನ್ನು ಒಪ್ಪಿದೆ: ವಿಳಂಬದಿಂದ ಸಾಕ್ಷ್ಯ ನಾಶವಾಗುವಂತಿದ್ದರೆ ಮೊದಲು ಶೋಧಿಸಿ, ಕೂಡಲೇ ಸ್ಥಳೀಯ ಠಾಣೆಗೆ ತಿಳಿಸಬಹುದು. ಆದರೆ ಮ್ಯಾಜಿಸ್ಟ್ರೇಟರ ವಿಚಾರಕ್ಕೆ ಈ ವಾದ ನಿಲ್ಲದು. ಕೈಗೆ ಸಿಕ್ಕ ಆರೋಪಿಯನ್ನು ಕೋರ್ಟಿಗೆ ಕರೆದೊಯ್ದರೆ ಅವನು ತಪ್ಪಿಸಿಕೊಳ್ಳುವ ಮಾತೆಲ್ಲಿ? ಸಮಯ ವ್ಯರ್ಥ ಎಂಬ ಇನ್ನೊಂದು ವಾದವೂ ಪೊಳ್ಳು. ಭದ್ರಾವತಿಯಲ್ಲೇ ಜೆಎಂಎಫ್‌ಸಿ ಕೋರ್ಟಿದೆ. ರಜೆಯ ದಿನ ನ್ಯಾಯಾಧೀಶರ ನಿವಾಸಕ್ಕೆ ಕರೆದೊಯ್ಯುವುದೂ ರೂಢಿಯಲ್ಲಿದೆ. ಅಲ್ಲಿ ಪ್ರಕರಣದ ಸತ್ಯಾಸತ್ಯದ ವಿಚಾರಣೆ ನಡೆಯುವುದಿಲ್ಲ. ಎಫ್‌ಐಆರ್ ಇದೆಯೇ, ಬಂಧನದ ಕಾರಣವನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಿದ್ದಾರೆಯೇ, ಮನೆಯವರಿಗೆ ವಿಷಯ ಗೊತ್ತೇ, ಮೈಮೇಲೆ ಗಾಯಗಳಿವೆಯೇ ಎಂದು ನೋಡಿದರೆ ಸಾಕು. ತೆಲುಗಿನ ಕಾಗದಕ್ಕೆ ಕಣ್ಣುಮುಚ್ಚಿ ಸಹಿ ಹಾಕುವ ಪಾಡು ಕನ್ನಡವಷ್ಟೇ ಬಲ್ಲವನಿಗೆ ಬರಬಾರದು.

ಈ ಕಟ್ಟುಪಾಡಿನಿಂದ ಪೊಲೀಸರಿಗೂ ರಕ್ಷಣೆಯಿದೆ. 2022ರ ಮೇ ತಿಂಗಳಲ್ಲಿ ಪಂಜಾಬ್ ಪೊಲೀಸರು ದಿಲ್ಲಿಯಲ್ಲಿ ಬಿಜೆಪಿಯ ತಜಿಂದರ್ ಬಗ್ಗಾ ಅವರನ್ನು ಬಂಧಿಸಿ ಹೊರಟಾಗ ದಿಲ್ಲಿಯಲ್ಲಿ ಅಪಹರಣದ ಪ್ರಕರಣವೇ ದಾಖಲಾಯಿತು, ಹರಿಯಾಣ ಪೊಲೀಸರು ಕುರುಕ್ಷೇತ್ರದಲ್ಲಿ ತಡೆದರು. ಸ್ಥಳೀಯ ಕೋರ್ಟಿನ ಆದೇಶವೊಂದು ಕೈಯಲ್ಲಿದ್ದಿದ್ದರೆ ಆ ರಂಪಕ್ಕೆ ಆಸ್ಪದವೇ ಇರುತ್ತಿರಲಿಲ್ಲ. ನಮ್ಮವರೂ ಇದಕ್ಕೆ ಹೊರತಲ್ಲ: 2023ರ ಆಗಸ್ಟ್‌ನಲ್ಲಿ ಕೇರಳಕ್ಕೆ ತನಿಖೆಗೆ ಹೋಗಿದ್ದ ಬೆಂಗಳೂರಿನ ಸೈಬರ್ ಠಾಣೆಯ ಸಿಬ್ಬಂದಿಯ ಮೇಲೆ ಕಳಮಶ್ಶೇರಿ ಪೊಲೀಸರು ಹಣ ವಸೂಲಿಯ ಆರೋಪ ಹೊರಿಸಿದ್ದರು. ಹೊರರಾಜ್ಯದಲ್ಲಿ ದಾಖಲಾದ ಪ್ರಕರಣದಲ್ಲಿ ಸೀಮಿತ ಅವಧಿಯ ನಿರೀಕ್ಷಣಾ ಜಾಮೀನನ್ನು ಸ್ಥಳೀಯ ಕೋರ್ಟೇ ಕೊಡಬಹುದೆಂದು ಸುಪ್ರೀಂ ಕೋರ್ಟ್ 2023ರ ನವೆಂಬರ್‌ನಲ್ಲಿ ಹೇಳಿದೆ. ಬಂಧನಕ್ಕೆ ಮುನ್ನ ಇರುವ ಈ ಆಸರೆ ಬಂಧನದ ನಂತರವೂ ಸಿಗುವಂತೆ ಸಂಸತ್ತು ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 24 ಗಂಟೆಯ ಗಡುವು ಹೇಳುವ 58ನೇ ಕಲಮಿಗೆ ತಿದ್ದುಪಡಿ ತರಬೇಕು. ಅಲ್ಲಿಯವರೆಗೆ ರಾಜ್ಯ ಸರ್ಕಾರ ಹೊರಗೆ ಹೋಗುವ ತನ್ನ ಪೊಲೀಸರಿಗೆ ಇದನ್ನೇ ಆದೇಶಿಸಲಿ. ತಾನು ಪಾಲಿಸಿದ ನಿಯಮವನ್ನು ಬೇರೆ ರಾಜ್ಯದಿಂದ ಕೇಳಲು ಆಗ ಅದಕ್ಕೆ ನೈತಿಕ ಹಕ್ಕಿರುತ್ತದೆ.