ಕ್ರ್ಯಾಂಕ್ ಅಳೆಯದೆ ಬೇರಿಂಗ್ ಹಾಕುವವರಿಗೆ...

ಮೊನ್ನೆ ರಜೆಗೆ ಇಂಡಿಗೆ ಹೋಗಿದ್ದೆ. ಕಬ್ಬಿನ ಹಂಗಾಮು ಜೋರಾಗಿದ್ದರೂ ಕಾಕಾನ ಟ್ರ್ಯಾಕ್ಟರ್ ಮಾತ್ರ ಮನೆ ಮುಂದೆಯೇ ನಿಂತಿತ್ತು. ಇಂಜಿನ್ ಬಿಚ್ಚಿಸಿ ಹೊಸ ಬೇರಿಂಗ್ ಹಾಕಿಸಿ ಎರಡು ತಿಂಗಳೂ ಆಗಿರಲಿಲ್ಲ. ಆಗಲೇ ಆಯಿಲ್ ಪ್ರೆಶರ್ ಇಳಿದು, ಒಳಗಿನಿಂದ ಟಕ್ ಟಕ್ ಅಂತ ಸದ್ದು.

"ಆವಾಗ ಕ್ರ್ಯಾಂಕ್ ಅಳದು ನೋಡಿದ್ರೇನು ಕಾಕಾ?" ಅಂದೆ.

"ಅಳಿಯೂದೇನೋ ತಮ್ಮಾ, ಮಿಸ್ತ್ರಿ ಬಟ್ಟು ಆಡಿಸಿ ನೋಡಿ ಛಲೋ ಐತಿ ಅಂದ."

ನನ್ನ ಸಿಟ್ಟು ಇರೋದೇ ಈ ಬಟ್ಟಿನ ಮೇಲೆ! ಉಗುರಿಗೆ ಗೀರು ಸಿಗಬಹುದು, ಸವೆತ ಸಿಗುವುದಿಲ್ಲ. ಕ್ರ್ಯಾಂಕಿನಲ್ಲಿ ಬೇರಿಂಗ್ ಕೂರುವ ನುಣುಪಾದ ಭಾಗಕ್ಕೆ ಜರ್ನಲ್ ಅಂತಾರೆ. ಅದು 50 ಮಿ.ಮೀ. ದಪ್ಪ ಇದ್ದರೆ ಬೇರಿಂಗಿಗೂ ಅದಕ್ಕೂ ನಡುವೆ ಇರಬೇಕಾದ ಸಂದು ಹೆಚ್ಚುಕಡಿಮೆ 0.05 ಮಿ.ಮೀ., ಅಂದರೆ ಒಂದು ತಲೆಗೂದಲಿನಷ್ಟೂ ಇಲ್ಲ. ಸಂದು ದೊಡ್ಡದಾದರೆ ಎಣ್ಣೆ ಬದಿಯಿಂದ ಸೋರಿ ಪ್ರೆಶರ್ ಬೀಳುತ್ತದೆ. ಇನ್ನೊಂದು ವಿಷಯ, ಕನೆಕ್ಟಿಂಗ್ ರಾಡ್ ಹಿಡಿಯುವ ಜರ್ನಲ್ ಎಲ್ಲ ಕಡೆ ಸಮನಾಗಿ ಸವೆಯುವುದಿಲ್ಲ. ಒತ್ತಡ ಪ್ರತಿ ಸಲ ಅದೇ ಕಡೆ ಬೀಳುವುದರಿಂದ ಅದು ಮೊಟ್ಟೆಯಾಕಾರವಾಗುತ್ತದೆ. ಅದರ ಮೇಲೆ ಗುಂಡನೆಯ ಹೊಸ ಬೇರಿಂಗ್ ಕೂರಿಸಿದರೆ ಎಷ್ಟು ದಿನ ಬಂದೀತು, ನೀವೇ ಹೇಳಿ?

ಮಾಡಬೇಕಾದದ್ದು ಇಷ್ಟೇ. ಮೈಕ್ರೋಮೀಟರ್ ಹಿಡಿದು ಪ್ರತಿ ಜರ್ನಲನ್ನು ಎರಡು ತುದಿಯಲ್ಲಿ, ಒಂದೊಂದು ತುದಿಯಲ್ಲೂ ಅಡ್ಡ ಮತ್ತು ಉದ್ದ, ಒಟ್ಟು ನಾಲ್ಕು ಸಲ ಅಳೆಯಬೇಕು. ವ್ಯತ್ಯಾಸ ಮ್ಯಾನುಯಲ್‌ನಲ್ಲಿ ಕೊಟ್ಟ ಮಿತಿ ದಾಟಿದ್ದರೆ 0.25 ಅಥವಾ 0.50 ಮಿ.ಮೀ. ಇಳಿಸಿ ಗ್ರೈಂಡ್ ಮಾಡಿಸಿ, ಅದೇ ಸೈಜಿನ ಬೇರಿಂಗ್ ಹಾಕಬೇಕು. ಗ್ಯಾರೇಜಿನವರ 'ಹತ್ತು ಸೈಜ್', 'ಇಪ್ಪತ್ತು ಸೈಜ್' ಅಂದರೆ ಇದೇ. ಹಳೆ ಬೇರಿಂಗನ್ನೂ ಗುಜರಿಗೆ ಎಸೆಯುವ ಮುಂಚೆ ನೋಡಿ. ತಾಮ್ರದ ಬಣ್ಣ ಕಂಡರೆ ಮೇಲಿನ ಪದರ ಹೋಗಿದೆ. ಒಂದೇ ಅಂಚು ಸವೆದಿದ್ದರೆ ರಾಡ್ ಬಾಗಿರಬಹುದು. ಕಸ ಹೂತು ಕೂತಿದ್ದರೆ ಎರೆ ಹೊಲದ ಧೂಳು ಎಣ್ಣೆಗೆ ಹೇಗೆ ಬಂತು ಅಂತ ಹುಡುಕಬೇಕು.

ಇದೆಲ್ಲ ಬಿಟ್ಟು ಕೆಲವರು ಬೇರಿಂಗ್ ಹಿಂದೆ ಕಾಗದವೋ ತಗಡೋ ಇಟ್ಟು 'ಟೈಟ್' ಮಾಡುತ್ತಾರೆ. ಬೇರಿಂಗಿನ ಬಿಸಿ ಹೊರಹೋಗುವ ದಾರಿಗೇ ಅಡ್ಡ! ಇದು ರಿಪೇರಿಯಲ್ಲ, ಮೋಸ.

"ಸಣ್ಣ ಊರು ಸ್ವಾಮಿ, ಯಾರು ಅಳೀತಾರೆ" ಅನ್ನಬೇಡಿ. ಕ್ರ್ಯಾಂಕ್ ಗ್ರೈಂಡ್ ಮಾಡುವ ಅಂಗಡಿಯಲ್ಲಿ ಮೈಕ್ರೋಮೀಟರ್ ಇಲ್ಲದೆ ಕೆಲಸವೇ ನಡೆಯುವುದಿಲ್ಲ.

ಮಿಸ್ತ್ರಿಗಳನ್ನಷ್ಟೇ ಬೈದರೆ ಆಗಲಿಲ್ಲ. ನಾನೂ ಮೆಕ್ಯಾನಿಕಲ್ ಡಿಗ್ರಿಯವನೇ. ಕ್ರ್ಯಾಂಕಿನ ಚಿತ್ರ ಬಿಡಿಸಿ ಅಂಕ ತಗೊಂಡೆ, ಲ್ಯಾಬಿನಲ್ಲಿ ಅಳತೆಗಳನ್ನು ಸೀನಿಯರ್ ರೆಕಾರ್ಡಿನಿಂದ ಕಾಪಿ ಹೊಡೆದೆ. ಈಗ ಬೆಂಗಳೂರಲ್ಲಿ ಟೆಸ್ಟ್ ಮಾಡದ ಒಂದು ಸಾಲು ಕೋಡನ್ನೂ ಹೊರಗೆ ಬಿಡುವುದಿಲ್ಲ. "ನೀ ಇಂಜಿನಿಯರ ಅಲ್ಲೇನೋ, ಆವಾಗ ಒಂದ್ ಮಾತ್ ಹೇಳಬೇಕಿಲ್ಲೋ?" ಅಂತ ಕಾಕಾ ಕೇಳಿದಾಗ ಬಾಯಿಗೆ ಮಾತು ಬರಲಿಲ್ಲ.

ಅದಕ್ಕೇ ಈಗ ಹೇಳುತ್ತಿದ್ದೇನೆ. ಇಂಜಿನ್ ಬಿಚ್ಚಿಸಿದಾಗ ಎದುರಿಗೆ ನಿಂತು ಅಳತೆಗಳನ್ನು ಬಿಲ್ಲಿನ ಹಿಂದೆ ಬರೆಸಿಕೊಳ್ಳಿ. ಬರೆಯಲ್ಲ ಅಂದರೆ ಕ್ರ್ಯಾಂಕ್ ಹೊತ್ತುಕೊಂಡು ಬೇರೆ ಅಂಗಡಿಗೆ ನಡೀರಿ.